ಬಣ್ಣ ಹಚ್ಚದ 118 ದಿನಗಳು

2023ನೆಯ ಇಸವಿಯ ಜುಲೈ 14ರಂದು ಅಮೆರಿಕದ ಚಲನಚಿತ್ರ ಮತ್ತು ಟೆಲಿವಿಷನ್ ನಟರು ಮುಷ್ಕರ ಹೂಡಿದಾಗ, ಆ ವಾರ್ತೆಯೊಡನೆ ಲೋಕದ ಪತ್ರಿಕೆಗಳಲ್ಲಿ ಅಚ್ಚಾದ ಭಾವಚಿತ್ರಗಳು ಬಹುಮಟ್ಟಿಗೆ ಜಗದ್ವಿಖ್ಯಾತ ತಾರೆಯರವೇ ಆಗಿದ್ದುದರಿಂದ, ಕೋಟಿಗಟ್ಟಲೆ ಸಂಭಾವನೆ ಪಡೆಯುವ ಈ ಮಹಾಶಯರಿಗೆ ಇನ್ನೇನು ಕೊರತೆ ಬಂದೀತು ಎಂದು ಅನೇಕರು ಆಶ್ಚರ್ಯಪಟ್ಟುದು ಸಹಜವೇ. ಆದರೆ ಮುಷ್ಕರ ಹೂಡಿದ ಸ್ಯಾಗ್-ಆಫ್ಟ್ರಾ ಎಂಬ ಕಲಾವಿದರ ಸಂಘದಲ್ಲಿ ಸದಸ್ಯರಿದ್ದುದು ಸುಮಾರು 1,60,000 ಮಂದಿ. ಅವರಲ್ಲಿ ನೂರಕ್ಕೆ ಸುಮಾರು 86 ಮಂದಿ, ಸಂಘದ ಆರೋಗ್ಯವಿಮೆಗೆ ಅರ್ಹರಾಗಲು ವರ್ಷವೊಂದಕ್ಕೆ ಬೇಕಾದ 26,470 ಡಾಲರುಗಳನ್ನು, ಎಂದರೆ ಆಗಿನ ಲೆಕ್ಕದಲ್ಲಿ ಸುಮಾರು 22 ಲಕ್ಷ ರೂಪಾಯಿಗಳನ್ನು, ನಟನೆಯಿಂದ ಸಂಪಾದಿಸಲಾರದವರು. ನಮ್ಮ ಕಿವಿಗೆ ಆ ಮೊತ್ತ ದೊಡ್ಡದಾಗಿ ಕೇಳಿಸಬಹುದು. ಲಾಸ್ ಏಂಜಲಿಸ್ ನಗರದಲ್ಲಿ ಒಂದು ಸಾಧಾರಣ ಮನೆಯ ಬಾಡಿಗೆಯನ್ನು ಕಟ್ಟಿ ಮುಗಿಸುವಷ್ಟರಲ್ಲಿ ಅದರ ಬಹುಪಾಲು ಕರಗಿಹೋಗುತ್ತದೆ. ಈ ಲೇಖನ ಆ 86 ಮಂದಿಯನ್ನು ಕುರಿತದ್ದು. ಕಥೆಯಲ್ಲಿ ವೈದ್ಯನಾಗಿ ಬಂದು ಎರಡು ಮಾತಾಡಿ ಹೋಗುವವನು, ನ್ಯಾಯಾಲಯದ ದೃಶ್ಯದಲ್ಲಿ ಗುಮಾಸ್ತೆಯಾಗಿ ಕುಳಿತವಳು, ನಾಯಕನಿಗೆ ಕಾಫಿ ತಂದಿಟ್ಟು ಮರೆಯಾಗುವವನು, ಇಂಥವರ ಮುಖವನ್ನು ನಾವು ಗುರುತಿಸುತ್ತೇವೆ; ಹೆಸರನ್ನು ಮಾತ್ರ ಅರಿಯೆವು.

ಇಂಥ ನಟನ ಕಸುಬಿನ ಬಹುಭಾಗ ನಟನೆಯಲ್ಲ, ನಿರೀಕ್ಷೆ. ಹತ್ತಾರು ಕಡೆ ಆಡಿಷನ್ ಕೊಟ್ಟರೆ ಒಂದು ಕಡೆಯಿಂದ ಕರೆ ಬಂದೀತು. ಕೋವಿಡ್ ಕಾಲದಿಂದೀಚೆಗಂತೂ ಆ ಪರೀಕ್ಷೆಯನ್ನು ಸಹ ಮನೆಯಲ್ಲಿಯೇ ಸ್ವಂತ ಕ್ಯಾಮೆರಾದ ಮುಂದೆ, ಸ್ವಂತ ಖರ್ಚಿನ ದೀಪ ಪರದೆಗಳನ್ನು ಜೋಡಿಸಿಕೊಂಡು, ಎದುರು ಪಾತ್ರದ ಮಾತನ್ನು ಓದಲು ಸ್ನೇಹಿತರನ್ನೋ ಮನೆಯವರನ್ನೋ ಕೂರಿಸಿಕೊಂಡು ಚಿತ್ರಿಸಿ ಕಳುಹಿಸುವ ಪದ್ಧತಿ ಬಲವಾಯಿತು. ಕೆಲಸ ದೊರೆತರೂ ಅದು ಒಂದು ದಿನದ್ದೋ ಮೂರು ದಿನದ್ದೋ ಆಗಿರುವುದು. ಹೀಗೆ ವರ್ಷದಲ್ಲಿ ಕೆಲವೇ ದಿನಗಳ ದುಡಿಮೆಯಿಂದ ಉಳಿದ ದಿನಗಳನ್ನು ತಳ್ಳಬೇಕಾದ ಈ ವರ್ಗಕ್ಕೆ ಆಧಾರವಾಗಿ ಇದ್ದುದು ರೆಸಿಡ್ಯುಯಲ್ ಎಂಬ ಮರುಪ್ರದರ್ಶನದ ಪಾಲು. ಒಮ್ಮೆ ಅಭಿನಯಿಸಿದ ಚಿತ್ರವೋ ಧಾರಾವಾಹಿಯೋ ಟೆಲಿವಿಷನ್ನಿನಲ್ಲಿ ಮತ್ತೆ ಪ್ರಸಾರವಾದಾಗ, ಹೊರದೇಶಕ್ಕೆ ಮಾರಾಟವಾದಾಗ, ಕ್ಯಾಸೆಟ್ಟೋ ಡಿವಿಡಿಯೋ ಆಗಿ ಅಂಗಡಿಗೆ ಬಂದಾಗ, ಆ ವ್ಯಾಪಾರದ ಒಂದು ಸಣ್ಣ ಅಂಶ ನಟನ ಮನೆಗೆ ಚೆಕ್ಕಿನ ರೂಪದಲ್ಲಿ ಬರುತ್ತಿದ್ದಿತು. ಹಿತ್ತಿಲಿನಲ್ಲಿ ನೆಟ್ಟ ತೆಂಗಿನ ಮರದಂತೆ ಅದು. ಮನೆಯನ್ನು ಶ್ರೀಮಂತಗೊಳಿಸದು, ಆದರೆ ಬರಗಾಲದ ತಿಂಗಳಲ್ಲಿ ಒಲೆ ಆರದಂತೆ ನೋಡಿಕೊಳ್ಳುವುದು.

ಈ ಪಾಲು ಯಾರೂ ಔದಾರ್ಯದಿಂದ ಕೊಟ್ಟದ್ದಲ್ಲ. ಅಮೆರಿಕದ ನಟವರ್ಗ ತಾನೂ ದುಡಿಮೆಗಾರರ ಸಾಲಿಗೆ ಸೇರಿದ್ದೆಂದು ಒಪ್ಪಿಕೊಳ್ಳುವುದಕ್ಕೇ ಬಹುಕಾಲ ಹಿಡಿಯಿತು. 1913ರಲ್ಲಿ ನ್ಯೂಯಾರ್ಕಿನ ರಂಗನಟರು ಆ್ಯಕ್ಟರ್ಸ್ ಈಕ್ವಿಟಿ ಎಂಬ ಸಂಘವನ್ನು ಕಟ್ಟಿಕೊಂಡಾಗ, ವಾರಗಟ್ಟಲೆ ತಾಲೀಮಿಗೆ ಬಿಡಿಕಾಸೂ ಇರಲಿಲ್ಲ. ಊರೂರು ಸುತ್ತುವ ತಂಡ ನಡುದಾರಿಯಲ್ಲಿ ಮುರಿದುಬಿದ್ದರೆ ನಟರು ಊರಿಗೆ ಮರಳಲು ರೈಲಿನ ಚಾರ್ಜನ್ನು ತಾವೇ ಹೊಂಚಿಕೊಳ್ಳಬೇಕಾಗಿದ್ದಿತು. ವೇಷಭೂಷಣವನ್ನು ಅನೇಕ ವೇಳೆ ತಾವೇ ಕೊಳ್ಳಬೇಕಾಗಿದ್ದಿತು. ನಮ್ಮ ವೃತ್ತಿನಾಟಕ ಕಂಪನಿಗಳ ಕಷ್ಟಕಾಲದ ಕಥೆಗಳನ್ನು ಹಿರಿಯರ ಬಾಯಿಂದ ಕೇಳಿದವರಿಗೆ ಈ ವಿವರಗಳು ಅಪರಿಚಿತವೆನಿಸಲಾರವು. 1919ರ ಆಗಸ್ಟ್ 7ರಂದು ಆ ಸಂಘ ಮುಷ್ಕರ ಹೂಡಿತು. ಅದು ಹಲವು ನಗರಗಳಿಗೆ ಹಬ್ಬಿ, ಮೂವತ್ತಕ್ಕೂ ಮೀರಿದ ನಾಟಕಗಳು ನಿಂತು, ರಂಗಸಜ್ಜಿಕೆಯ ಕೆಲಸಗಾರರೂ ವಾದ್ಯಗಾರರೂ ನಟರ ಬೆನ್ನಿಗೆ ನಿಂತ ಮೇಲೆ, ಸೆಪ್ಟೆಂಬರ್ 6ರಂದು ನಾಟಕ ಕಂಪನಿಗಳ ಯಜಮಾನರು ಒಪ್ಪಂದಕ್ಕೆ ಬಂದರು. ಎಥೆಲ್ ಬ್ಯಾರಿಮೋರರಂಥ ಪ್ರಖ್ಯಾತರು ಅಂದು ಬೀದಿಗಿಳಿದುದು ಎಷ್ಟು ದೊಡ್ಡ ವಿಷಯವೋ, ಮೇರಿ ಡ್ರೆಸ್ಲರ್ ಎಂಬ ಹಾಸ್ಯನಟಿ ಎಲ್ಲರಿಗಿಂತ ಕಡಿಮೆ ಕೂಲಿಯ ವೃಂದನರ್ತಕಿಯರನ್ನು ಒಟ್ಟುಗೂಡಿಸಿ ಅವರದೇ ಸಂಘಕ್ಕೆ ಮೊದಲ ಅಧ್ಯಕ್ಷೆಯಾದುದು ಅದಕ್ಕಿಂತ ದೊಡ್ಡ ವಿಷಯವೆಂದು ನಾನು ಎಣಿಸುತ್ತೇನೆ.

ಅಲ್ಲಿಂದೀಚಿನ ಪ್ರತಿಯೊಂದು ಮಹಾಮುಷ್ಕರದ ಹಿಂದೆಯೂ ಒಂದು ಹೊಸ ಯಂತ್ರದ ಆಗಮನವಿದೆ. ನಟನ ದೇಹ ಮನೆಗೆ ಹೋದಮೇಲೂ ಅವನ ಅಭಿನಯ ದುಡಿಯುತ್ತಿರುವಂತೆ ಮಾಡುವ ಯಂತ್ರವೊಂದು ಬಂದಾಗಲೆಲ್ಲ, ಆ ದುಡಿಮೆಯ ಫಲ ಯಾರಿಗೆ ಸೇರತಕ್ಕದ್ದು ಎಂಬ ಒಂದೇ ಪ್ರಶ್ನೆ ಮತ್ತೆ ಮತ್ತೆ ಎದ್ದಿದೆ. ಟೆಲಿವಿಷನ್ ಬಂದು ಹಳೆಯ ಚಲನಚಿತ್ರಗಳನ್ನು ಮನೆಮನೆಯಲ್ಲಿ ತೋರಿಸತೊಡಗಿದಾಗ, 1960ರ ಮಾರ್ಚ್ 7ರಂದು ಚಿತ್ರನಟರು ಕೆಲಸ ನಿಲ್ಲಿಸಿದರು. ಚಿತ್ರಕಥೆಯ ಲೇಖಕರು ಅದಕ್ಕೆ ಮೊದಲೇ, ಜನವರಿಯಲ್ಲಿ, ಹೊರನಡೆದಿದ್ದರು. ಆಗ ನಟರ ಸಂಘದ ಅಧ್ಯಕ್ಷರಾಗಿದ್ದವರು, ಮುಂದೆ ರಾಷ್ಟ್ರಾಧ್ಯಕ್ಷರಾಗಿ ಕಾರ್ಮಿಕ ಸಂಘಗಳೊಡನೆ ಕಠೋರವಾಗಿ ನಡೆದುಕೊಂಡ ರೊನಾಲ್ಡ್ ರೇಗನ್. ಏಪ್ರಿಲ್ 18ರಂದು ಆದ ಒಪ್ಪಂದದಲ್ಲಿ, 1960ರಿಂದ ಮುಂದೆ ತಯಾರಾದ ಚಿತ್ರಗಳು ಟೆಲಿವಿಷನ್ನಿಗೆ ಮಾರಾಟವಾದಾಗ ನಟರಿಗೆ ಪಾಲು ಸಲ್ಲತಕ್ಕದ್ದೆಂದೂ, ಅದಕ್ಕೆ ಹಿಂದಿನ ಚಿತ್ರಗಳ ಮೇಲಿನ ಹಕ್ಕನ್ನು ನಟರು ಬಿಟ್ಟುಕೊಟ್ಟು ಅದರ ಬದಲಿಗೆ ನಿವೃತ್ತಿವೇತನ ಮತ್ತು ಆರೋಗ್ಯನಿಧಿಯ ಸ್ಥಾಪನೆಗಾಗಿ 22.5 ಲಕ್ಷ ಡಾಲರುಗಳನ್ನು ಪಡೆಯತಕ್ಕದ್ದೆಂದೂ ನಿರ್ಣಯವಾಯಿತು. ಇಂದಿನ ನಟನಿಗೆ ಕಾಯಿಲೆಯಲ್ಲಿ ನೆರವಾಗುವ ವಿಮೆಯ ಮೂಲ ಅಲ್ಲಿದೆ. ಆದರೆ ಮೂವತ್ತು ನಲವತ್ತರ ದಶಕಗಳಲ್ಲಿ ತಮ್ಮ ಯೌವನವನ್ನೇ ಚಿತ್ರಗಳಲ್ಲಿ ಸುರಿದ ಹಿರಿಯರು, ತಮ್ಮ ಮುಖ ಪ್ರತಿರಾತ್ರಿ ಟೆಲಿವಿಷನ್ನಿನಲ್ಲಿ ಮೂಡುತ್ತಿರಲು ತಮಗೆ ಒಂದು ಕಾಸೂ ಬರದುದನ್ನು ಕಂಡು ನೊಂದುಕೊಂಡರು. ತಮ್ಮನ್ನು ತಮ್ಮವರೇ ಮಾರಿದರೆಂಬ ಭಾವನೆ ಅವರಲ್ಲಿ ಅನೇಕರಿಗೆ ಕೊನೆಯವರೆಗೂ ಉಳಿಯಿತು. ಆ ನೋವನ್ನು ನಾನು ಅಲ್ಪವೆಂದು ಭಾವಿಸಲಾರೆ. ಯಾವ ಒಪ್ಪಂದವನ್ನು ನಾವು ವಿಜಯವೆಂದು ಕರೆಯುತ್ತೇವೆಯೋ ಅದರ ಹೊರಗೆ ನಿಂತವರು ಯಾರೆಂಬುದನ್ನೂ ಬರೆದಿಡಬೇಕು. 1980ರಲ್ಲಿ ವಿಡಿಯೊ ಕ್ಯಾಸೆಟ್ಟಿಗಾಗಿಯೂ ಹಣ ಕೊಟ್ಟು ನೋಡುವ ಟೆಲಿವಿಷನ್ನಿಗಾಗಿಯೂ ಇನ್ನೊಂದು ಮುಷ್ಕರ ನಡೆಯಿತು. ಆ ವರ್ಷದ ಎಮ್ಮಿ ಪ್ರಶಸ್ತಿ ಸಮಾರಂಭಕ್ಕೆ ಬಹುಮಾನಿತ ನಟರಲ್ಲಿ ಪವರ್ಸ್ ಬೂತ್ ಒಬ್ಬರೇ ಬಂದರು.

ಮೂರನೆಯ ಯಂತ್ರವೇ ಇಂದು ನಮ್ಮೆಲ್ಲರ ಕೈಯಲ್ಲಿರುವ ಒಟಿಟಿ. ಮರುಪ್ರಸಾರವೆಂಬುದೇ ಇಲ್ಲದ ಈ ವ್ಯವಸ್ಥೆಯಲ್ಲಿ, ಯಾವಾಗ ಬೇಕಾದರೂ ಯಾರು ಬೇಕಾದರೂ ನೋಡಬಹುದಾದ ಭಂಡಾರದಲ್ಲಿ ಕೃತಿ ಶಾಶ್ವತವಾಗಿ ಕುಳಿತಿರುವುದರಿಂದ, ಎಷ್ಟು ಸಲ ತೋರಿಸಿದರೆಂದು ಲೆಕ್ಕಹಾಕಿ ಪಾಲು ಕೊಡುವ ಹಳೆಯ ಸೂತ್ರ ಅರ್ಥ ಕಳೆದುಕೊಂಡಿತು. ಎಷ್ಟು ಜನ ನೋಡಿದರೆಂಬ ಅಂಕಿಯನ್ನು ಕಂಪನಿಗಳು ಗುಟ್ಟಾಗಿ ಇಟ್ಟುಕೊಂಡವು. ಹಿಂದೆ ಇಪ್ಪತ್ತೆರಡು ಕಂತುಗಳಿರುತ್ತಿದ್ದ ಧಾರಾವಾಹಿಯ ಒಂದು ಆವೃತ್ತಿ ಎಂಟು ಹತ್ತು ಕಂತುಗಳಿಗೆ ಇಳಿಯಿತು. ಕಂತಿಗಿಷ್ಟೆಂದು ಕೂಲಿ ಪಡೆಯುವವನ ಆದಾಯ ಅದರೊಡನೆಯೇ ಇಳಿಯಿತು. 'ಆರೆಂಜ್ ಈಸ್ ದ ನ್ಯೂ ಬ್ಲ್ಯಾಕ್' ಎಂಬ, ಲೋಕವೆಲ್ಲ ನೋಡಿದ ಧಾರಾವಾಹಿಯ ನಟಿ ಕಿಮಿಕೊ ಗ್ಲೆನ್ ತಮಗೆ ಬಂದ ಹೊರದೇಶದ ಪಾಲಿನ ಪಟ್ಟಿಯನ್ನು ಸಾರ್ವಜನಿಕರ ಮುಂದಿಟ್ಟರು: ಒಟ್ಟು ಮೊತ್ತ 27 ಡಾಲರ್ 30 ಸೆಂಟ್. 'ದಿಸ್ ಈಸ್ ಅಸ್' ಧಾರಾವಾಹಿಯ ಪ್ರಧಾನ ನಟಿಯಾಗಿದ್ದ ಮ್ಯಾಂಡಿ ಮೂರ್ ಅವರು ತಮಗೆ ಒಂದು ಡಾಲರಿಗೂ ಕಡಿಮೆಯ ಚೆಕ್ಕುಗಳು ಬಂದುವೆಂದು ಹೇಳಿಕೊಂಡರು. ನಾಯಕಿಯ ಪಾಡೇ ಹೀಗಾದರೆ ಕಾಫಿ ತಂದಿಟ್ಟವನ ಪಾಡು ಹೇಗಿದ್ದೀತೆಂದು ಓದುಗರು ಊಹಿಸಿಕೊಳ್ಳಬಲ್ಲರು.

ಇದರ ಬೆನ್ನಿಗೇ ಕೃತಕ ಬುದ್ಧಿಮತ್ತೆ ಬಂದು ನಿಂತಿತು. ಜನಜಂಗುಳಿಯ ದೃಶ್ಯಗಳಲ್ಲಿ ನಿಲ್ಲುವ ಜೂನಿಯರ್ ಕಲಾವಿದರ ದೇಹಾಕೃತಿಯನ್ನು ಯಂತ್ರದಿಂದ ಅಳೆದು ಅಚ್ಚೆತ್ತಿಕೊಂಡು, ಅದಕ್ಕೆ ಒಂದು ದಿನದ ಕೂಲಿ ಕೊಟ್ಟು, ಆ ಪ್ರತಿಕೃತಿಯನ್ನು ಮುಂದೆ ಎಂದೆಂದಿಗೂ ಬಳಸಿಕೊಳ್ಳುವ ಹಕ್ಕನ್ನು ನಿರ್ಮಾಪಕರು ಕೇಳಿದರೆಂದು ಸಂಘದ ಮುಖ್ಯ ಸಂಧಾನಕಾರ ಡಂಕನ್ ಕ್ರ್ಯಾಬ್‌ಟ್ರೀ-ಐರ್ಲೆಂಡ್ ಬಹಿರಂಗವಾಗಿ ಹೇಳಿದರು. ನಿರ್ಮಾಪಕರ ಒಕ್ಕೂಟ, ತನ್ನ ಸಲಹೆಯನ್ನು ಸಂಘ ತಪ್ಪಾಗಿ ನಿರೂಪಿಸುತ್ತಿದೆಯೆಂದು ಅಲ್ಲಗಳೆಯಿತು. ಸತ್ಯ ಎಲ್ಲಿಯೇ ಇರಲಿ, ಭಯ ನಿಜವಾಗಿದ್ದಿತು. ಸಂಧಾನಕ್ಕೆ ಮೊದಲೇ ಮುಷ್ಕರದ ಅಧಿಕಾರವನ್ನು ಕೋರಿ ನಡೆದ ಮತದಾನದಲ್ಲಿ ಪರವಾಗಿ ಬಿದ್ದ ಮತ ಶೇ 97.91. ಲೇಖಕರು ಮೇ 2ರಿಂದಲೇ ಬೀದಿಯಲ್ಲಿದ್ದರು. ನಟರೂ ಬಂದು ಕೂಡಿಕೊಂಡಾಗ, 1960ರ ಅನಂತರ ಮೊದಲ ಬಾರಿಗೆ ಎರಡು ಸಂಘಗಳು ಒಟ್ಟಿಗೆ ಮುಷ್ಕರದಲ್ಲಿದ್ದಂತಾಯಿತು. ಲಂಡನ್ನಿನಲ್ಲಿ 'ಓಪನ್‌ಹೈಮರ್' ಚಿತ್ರದ ಪ್ರಥಮ ಪ್ರದರ್ಶನಕ್ಕೆ ಬಂದಿದ್ದ ನಟವರ್ಗ ಮುಷ್ಕರ ಸನ್ನಿಹಿತವಾದುದನ್ನು ತಿಳಿದು ಅಲ್ಲಿಂದ ಎದ್ದುಹೋಯಿತು.

ಮುಷ್ಕರದ ಕಟ್ಟಳೆಗಳು ಬಿಗಿಯಾಗಿದ್ದವು. ಅಭಿನಯಿಸಬಾರದೆಂಬುದು ಸರಿಯೇ, ಆಡಿಷನ್ ಕೊಡಬಾರದು, ವೇಷದ ಅಳತೆಗೆ ಹೋಗಬಾರದು, ಡಬ್ಬಿಂಗ್ ಮಾಡಬಾರದು, ಮುಗಿದುಹೋದ ಚಿತ್ರದ ಪ್ರಚಾರಕ್ಕೂ ಬಾಯಿ ತೆರೆಯಬಾರದು. ವರ್ಷಗಟ್ಟಲೆ ಕಾದು ಮೊದಲ ದೊಡ್ಡ ಪಾತ್ರ ದೊರಕಿಸಿಕೊಂಡ ಕಿರಿಯ ನಟಿಯೊಬ್ಬಳು, ಆ ಚಿತ್ರ ಬಿಡುಗಡೆಯಾದ ವಾರದಲ್ಲಿ ಅದರ ಹೆಸರನ್ನೇ ಎತ್ತದೆ ಮೌನವಾಗಿರಬೇಕಾದ ಸಂಕಟವನ್ನು ನಾವು ಹೊರಗಿನಿಂದ ಅಳೆಯಲಾರೆವು. ಅಕ್ಟೋಬರಿನಲ್ಲಿ ವೇಷ ಹಾಕಿ ಕುಣಿಯುವ ಹ್ಯಾಲೋವೀನ್ ಹಬ್ಬ ಬಂದಾಗ, ಮುಷ್ಕರಕ್ಕೊಳಗಾದ ಚಿತ್ರಗಳ ಪಾತ್ರಗಳ ವೇಷವನ್ನು ಸಹ ಧರಿಸಬೇಡಿರೆಂದು ಸಂಘ ಸದಸ್ಯರಿಗೆ ತಿಳಿಸಿತು. ಅದು ಮಿತಿ ಮೀರಿದ ಸೂಚನೆಯೆಂದೇ ನನ್ನ ಎಣಿಕೆ. ಹಬ್ಬದ ದಿನ ಮಕ್ಕಳೊಡನೆ ಆಡುವವನಿಗೂ ನಿಯಮ ಬರೆಯುವ ಅಗತ್ಯವಿರಲಿಲ್ಲ.

ಹಾಗಾದರೆ ಈ ತಿಂಗಳುಗಳಲ್ಲಿ ಅವರು ಬದುಕಿದ್ದು ಹೇಗೆ? ಕೆಲವು ಕಿಟಕಿಗಳು ತೆರೆದಿದ್ದವು. ಹಗಲಿನ ಧಾರಾವಾಹಿಗಳು, ಜಾಹೀರಾತುಗಳು, ರಂಗಭೂಮಿ, ಇವು ಬೇರೆ ಬೇರೆ ಒಪ್ಪಂದಗಳ ವ್ಯಾಪ್ತಿಗೆ ಸೇರಿದ್ದುದರಿಂದ ಅಲ್ಲಿ ದುಡಿಯಲು ಅಡ್ಡಿಯಿರಲಿಲ್ಲ; ಆದರೆ ಸಹಸ್ರಾರು ಮಂದಿ ಒಂದೇ ಕಿಟಕಿಗೆ ನುಗ್ಗಿದರೆ ಎಷ್ಟು ಜನಕ್ಕೆ ಗಾಳಿ ದೊರೆತೀತು? ದೊಡ್ಡ ಸ್ಟುಡಿಯೋಗಳಿಗೆ ಸಂಬಂಧಿಸದ ಸ್ವತಂತ್ರ ನಿರ್ಮಾಪಕರು, ಸಂಘ ಕೊನೆಯದಾಗಿ ಕೇಳಿದ್ದ ಷರತ್ತುಗಳನ್ನೇ ಒಪ್ಪಿ ಸಹಿ ಮಾಡಿದರೆ, ಅವರ ಚಿತ್ರೀಕರಣಕ್ಕೆ ಮಧ್ಯಂತರ ಒಪ್ಪಿಗೆ ದೊರೆಯುತ್ತಿದ್ದಿತು. ಇದು ಒಂದು ಧರ್ಮಸೂಕ್ಷ್ಮವನ್ನು ಎಬ್ಬಿಸಿತು. ನ್ಯಾಯವಾದ ಕೂಲಿಯನ್ನು ಕೊಡಲು ಒಪ್ಪಿದವನ ಬಳಿ ದುಡಿಯುವುದರಲ್ಲಿ ತಪ್ಪೇನು ಎಂದು ಒಂದು ಪಕ್ಷ. ಆ ಚಿತ್ರ ಕೊನೆಗೆ ಮಾರಾಟವಾಗುವುದು ನಾವು ಯಾರ ಎದುರಿಗೆ ನಿಂತಿದ್ದೇವೆಯೋ ಆ ಕಂಪನಿಗಳಿಗೇ ಅಲ್ಲವೇ ಎಂದು ಇನ್ನೊಂದು ಪಕ್ಷ. ವಯೋಲಾ ಡೇವಿಸ್ ಅವರು ತಮ್ಮ 'ಜಿ20' ಚಿತ್ರಕ್ಕೆ ಇಂಥ ಒಪ್ಪಿಗೆ ದೊರೆತಿದ್ದರೂ, ಇತರರು ಬೀದಿಯಲ್ಲಿರುವಾಗ ತಾವು ಚಿತ್ರೀಕರಣ ನಡೆಸುವುದು ಉಚಿತವಲ್ಲವೆಂದು ಹಿಂದೆ ಸರಿದರು. ಅವರ ನಡೆ ಉದಾತ್ತವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಬಾಡಿಗೆ ಕಟ್ಟಲಾರದ ನಟನೊಬ್ಬ ಅದೇ ಒಪ್ಪಿಗೆಯ ಮೇಲೆ ನಾಲ್ಕು ದಿನ ಕೆಲಸಕ್ಕೆ ಹೋದರೆ ಅವನನ್ನು ದೂಷಿಸುವ ಅಧಿಕಾರ ಯಾರಿಗೂ ಇಲ್ಲ.

ಉಳಿದವರು ಹಿಡಿದದ್ದು ಹಳೆಯ ದಾರಿಗಳನ್ನೇ. ಹೋಟೆಲಿನಲ್ಲಿ ಬಡಿಸುವುದು, ಬಾಡಿಗೆ ಕಾರು ಓಡಿಸುವುದು, ಮಕ್ಕಳಿಗೆ ಪಾಠ ಹೇಳುವುದು, ನಾಯಿಗಳನ್ನು ಸುತ್ತಾಡಿಸುವುದು: ಅಮೆರಿಕದ ನಟನಿಗೆ ಇವು ಹೊಸವಲ್ಲ, ಮುಷ್ಕರವಿಲ್ಲದ ವರ್ಷಗಳಲ್ಲಿಯೂ ಅವನ ಬದುಕನ್ನು ಹೊತ್ತವೇ. ಸಂಘದೊಡನೆ ಸಂಬಂಧವಿರುವ ದತ್ತಿನಿಧಿಯೊಂದು ಬಾಡಿಗೆಗೂ ಔಷಧಕ್ಕೂ ತುರ್ತು ಸಹಾಯ ನೀಡಿತು. ಮೆರಿಲ್ ಸ್ಟ್ರೀಪ್, ಜಾರ್ಜ್ ಕ್ಲೂನಿ, ಡ್ವೇನ್ ಜಾನ್ಸನ್ ಮೊದಲಾದ ತಾರೆಯರು ತಲಾ ಹತ್ತು ಲಕ್ಷ ಡಾಲರ್ ಅಥವಾ ಅದಕ್ಕೂ ಮಿಗಿಲಾಗಿ ಕೊಟ್ಟುದರಿಂದ ಕೆಲವೇ ವಾರಗಳಲ್ಲಿ ಒಂದೂವರೆ ಕೋಟಿ ಡಾಲರುಗಳಷ್ಟು ನಿಧಿ ಕೂಡಿತು. ಇವರ ಜೊತೆಗೆ ಮತ ಹಾಕುವ ಅವಕಾಶವೂ ಇಲ್ಲದೆ ಕೆಲಸ ಕಳೆದುಕೊಂಡವರಿದ್ದರು: ಪ್ರಸಾಧನ ಮಾಡುವವರು, ಬಡಗಿಗಳು, ಲೈಟಿನವರು, ವ್ಯಾನ್ ಚಾಲಕರು, ಸೆಟ್ಟಿಗೆ ಊಟ ಒದಗಿಸುವವರು. ಪ್ರತಿಯೊಂದು ಮುಷ್ಕರದ ಇತಿಹಾಸವೂ ಇವರನ್ನು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತದೆ. ಇಲ್ಲಿಯೂ ಅದಕ್ಕಿಂತ ಹೆಚ್ಚು ಬರೆಯಲಾಗದುದಕ್ಕೆ ವಿಷಾದಿಸುತ್ತೇನೆ.

ಹಗಲು ಹೊತ್ತು ಸ್ಟುಡಿಯೋಗಳ ದ್ವಾರದ ಮುಂದೆ ಪಿಕೆಟಿಂಗ್ ನಡೆಯುತ್ತಿದ್ದಿತು. ಫಲಕ ಹಿಡಿದು, ಟೋಪಿ ಹಾಕಿ, ನೀರಿನ ಬಾಟಲಿ ಸಿಕ್ಕಿಸಿಕೊಂಡು, ಜುಲೈ ತಿಂಗಳ ಉರಿಬಿಸಿಲಿನಲ್ಲಿ ಗಂಟೆಗಟ್ಟಲೆ ಅತ್ತಿಂದಿತ್ತ ನಡೆಯುವುದು. ಯೂನಿವರ್ಸಲ್ ಸ್ಟುಡಿಯೋದ ಬಳಿ ಬಾರ್‌ಹ್ಯಾಮ್ ರಸ್ತೆಯಲ್ಲಿ ಇವರಿಗೆ ನೆರಳು ಕೊಡುತ್ತಿದ್ದ ಸಾಲುಮರಗಳ ಕೊಂಬೆಗಳನ್ನು ಆ ದಿನಗಳಲ್ಲಿಯೇ ಬೋಳಾಗುವಂತೆ ಕಡಿಸಲಾಯಿತು. ಸುರಕ್ಷತೆಗಾಗಿ ಪ್ರತಿವರ್ಷವೂ ಮಾಡುವ ಕೆಲಸವಿದು ಎಂದು ಕಂಪನಿ ಹೇಳಿತು. ನಗರಾಡಳಿತ, ಅದಕ್ಕೆ ಅನುಮತಿ ಕೊಟ್ಟೇ ಇರಲಿಲ್ಲವೆಂದು ಕಂಡುಕೊಂಡು 250 ಡಾಲರ್ ದಂಡ ವಿಧಿಸಿತು. ಲೇಖಕರು ತಮ್ಮ ಮನೆಗಳನ್ನು ಕಳೆದುಕೊಳ್ಳತೊಡಗುವವರೆಗೂ ಕಾಯುವುದೇ ತಂತ್ರವೆಂಬರ್ಥದ ಮಾತನ್ನು ಹೆಸರು ಹೇಳದ ಸ್ಟುಡಿಯೋ ಅಧಿಕಾರಿಯೊಬ್ಬರು ಆಡಿದರೆಂದು ಅದೇ ತಿಂಗಳು ವರದಿಯಾಗಿದ್ದಿತು. ಆ ಅನಾಮಧೇಯರು ತಮ್ಮ ಪರವಾಗಿ ಮಾತಾಡಿದವರಲ್ಲವೆಂದು ನಿರ್ಮಾಪಕರ ಒಕ್ಕೂಟ ತಿಳಿಸಿತಾದರೂ, ಬಿಸಿಲಿನಲ್ಲಿ ನಡೆಯುವವರ ಎದೆಯಲ್ಲಿ ಆ ಮಾತು ಮುಳ್ಳಾಗಿ ಉಳಿಯಿತು. ಅಲ್ಲಿ ಇನ್ನೊಂದು ಸಂಗತಿಯೂ ಸಂಭವಿಸಿತು. ಒಂದೇ ಪಾತ್ರಕ್ಕಾಗಿ ಪರಸ್ಪರ ಸ್ಪರ್ಧಿಸುವ ನಟರು ಭೇಟಿಯಾಗುವುದು ಆಡಿಷನ್ ಕೋಣೆಯಲ್ಲಿ, ಅಲ್ಲಿಯೂ ಒಬ್ಬರನ್ನೊಬ್ಬರು ಓರೆಗಣ್ಣಿನಿಂದ ನೋಡುತ್ತ. ಕೋಣೆಯೂ ಇಲ್ಲವಾಗಿ ಎಲ್ಲರೂ ಮನೆಯಲ್ಲೇ ಕ್ಯಾಮೆರಾ ಮುಂದೆ ಒಂಟಿಯಾದ ಮೇಲೆ, ತಮ್ಮ ಚೆಕ್ಕಿನ ಕಿರಿದುತನ ತಮ್ಮೊಬ್ಬರ ಅಯೋಗ್ಯತೆಯ ಫಲವೆಂದು ನಂಬಿದ್ದವರು ಬಹಳ. ಬೀದಿಯಲ್ಲಿ ಜೊತೆಯಾಗಿ ನಡೆದಾಗ, ಪಕ್ಕದವನ ಚೆಕ್ಕೂ ಅಷ್ಟೇ ಎಂಬುದು ತಿಳಿಯಿತು.

ಲೇಖಕರ ಮುಷ್ಕರ 148 ದಿನಗಳಾದ ಮೇಲೆ ಸೆಪ್ಟೆಂಬರ್ ಕೊನೆಗೆ ಮುಗಿಯಿತು. ನಟರ ಸಂಧಾನ ಅಕ್ಟೋಬರ್ 2ರಂದು ಮತ್ತೆ ಆರಂಭವಾಗಿ ಹನ್ನೊಂದರಂದು ಮುರಿಯಿತು. ಒಟಿಟಿಯ ವರಮಾನದಲ್ಲಿ ನೇರವಾದ ಪಾಲನ್ನು ಸಂಘ ಕೇಳಿದ್ದೇ ಮುರಿದುದಕ್ಕೆ ಕಾರಣ. ಆಗ ನಡೆದ ಒಂದು ಪ್ರಸಂಗ ಇಡೀ ಹೋರಾಟದ ತಿರುಳನ್ನು ತೋರಿಸುವಂಥದು. ಕ್ಲೂನಿ ಮೊದಲಾದ ಅಗ್ರತಾರೆಯರು ಮುಂದೆ ಬಂದು, ಸಂಘಕ್ಕೆ ತಾವು ಕಟ್ಟುವ ಚಂದಾದ ಮೇಲಿರುವ ಮಿತಿಯನ್ನು ತೆಗೆದುಬಿಟ್ಟರೆ ತಮ್ಮಂಥವರಿಂದಲೇ ವರ್ಷಕ್ಕೆ ಐದು ಕೋಟಿ ಡಾಲರ್ ಹೆಚ್ಚಾಗಿ ಕೂಡುವುದೆಂದು ಸೂಚಿಸಿದರು. ಸಂಘದ ಅಧ್ಯಕ್ಷೆ ಫ್ರ್ಯಾನ್ ಡ್ರೆಷರ್, ಆ ತಾರೆಯರಿಗೆ ವಂದಿಸಿ, ಆರೋಗ್ಯ ಮತ್ತು ನಿವೃತ್ತಿಯ ನಿಧಿಗಳಿಗೆ ಹಣ ಮಾಲೀಕರಿಂದಲೇ ಬರತಕ್ಕದ್ದೆಂದು ಕಾನೂನಿರುವುದರಿಂದ ಈ ಸಲಹೆ ಒಪ್ಪಂದದ ಪ್ರಶ್ನೆಯನ್ನು ಬಗೆಹರಿಸದೆಂದು ವಿವರಿಸಿದರು. ಕಾನೂನಿನ ಮಾತು ಹಾಗಿರಲಿ, ನ್ಯಾಯದ ದೃಷ್ಟಿಯಿಂದಲೂ ಆ ಉತ್ತರ ಸಾಧುವಾದುದು. ಕಾಫಿ ತಂದಿಟ್ಟ ನಟ ಕೇಳುತ್ತಿದ್ದುದು ನಾಯಕನ ಜೇಬಿನಿಂದ ಬರುವ ದಾನವನ್ನಲ್ಲ. ತನ್ನ ಅಭಿನಯವನ್ನು ಮಾರುತ್ತಿರುವವನಿಂದ ತನಗೆ ಸಲ್ಲಬೇಕಾದ ವೇತನವನ್ನು.

ನವೆಂಬರ್ 8ರಂದು ಒಪ್ಪಂದವಾಗಿ, ಮುಷ್ಕರ 118 ದಿನಗಳಿಗೆ ನಿಂತಿತು. ಕನಿಷ್ಠ ವೇತನಗಳಲ್ಲಿ ಬಹುಪಾಲಿಗೆ ಶೇ 7ರ, ಜೂನಿಯರ್ ಕಲಾವಿದರಿಗೆ ಶೇ 11ರ ಏರಿಕೆ ತಕ್ಷಣ ದೊರೆಯಿತು. ಬಿಡುಗಡೆಯಾದ 90 ದಿನಗಳಲ್ಲಿ ದೇಶೀಯ ಚಂದಾದಾರರ ಐದನೆಯ ಒಂದು ಭಾಗದಷ್ಟು ವೀಕ್ಷಣೆ ಪಡೆದ ಒಟಿಟಿ ಕೃತಿಗಳ ನಟರಿಗೆ ಹೆಚ್ಚುವರಿ ಪಾಲು ಸಲ್ಲುವಂತಾಯಿತು. ಅದರ ನಾಲ್ಕನೆಯ ಒಂದು ಭಾಗ ಅಷ್ಟು ಯಶಸ್ಸು ಕಾಣದ ಕೃತಿಗಳ ನಟರಿಗೂ ಹಂಚಿಕೆಯಾಗುವ ನಿಧಿಗೆ ಹೋಗುವುದು. ಡಿಜಿಟಲ್ ಪ್ರತಿಕೃತಿಗೆ ಕಲಾವಿದನ ಸ್ಪಷ್ಟವಾದ ಒಪ್ಪಿಗೆಯೂ ಪ್ರತಿಫಲವೂ ಅಗತ್ಯವೆಂದಾಯಿತು. ಡಿಸೆಂಬರಿನಲ್ಲಿ ಶೇ 78.33 ಮತಗಳಿಂದ ಸದಸ್ಯರು ಇದನ್ನು ಸ್ಥಿರೀಕರಿಸಿದರು. ಉಳಿದವರಲ್ಲಿ ಅನೇಕರ ಆಕ್ಷೇಪಣೆ ಕೃತಕ ಬುದ್ಧಿಮತ್ತೆಯ ಕಟ್ಟಳೆಗಳು ಸಡಿಲವೆಂಬುದು. ಅದನ್ನು ತಳ್ಳಿಹಾಕುವಂತಿಲ್ಲ, ಏಕೆಂದರೆ ಅದೇ ಪ್ರಶ್ನೆಗಾಗಿ ವಿಡಿಯೊ ಗೇಮುಗಳ ಕಲಾವಿದರು 2024ರ ಜುಲೈನಿಂದ ಸುಮಾರು ಒಂದು ವರ್ಷ ಮುಷ್ಕರ ನಡೆಸಬೇಕಾಯಿತು. ಲಾಸ್ ಏಂಜಲಿಸಿನಲ್ಲಿ ಚಿತ್ರೀಕರಣವೂ ಹಿಂದಿನ ಮಟ್ಟಕ್ಕೆ ಏರಲಿಲ್ಲ. ಹೆಚ್ಚಿದ ಕೂಲಿ ಕಾಗದದ ಮೇಲಿದ್ದು, ಕೂಲಿ ಪಡೆಯುವ ದಿನಗಳು ಕಡಿಮೆಯಾದವು. ಆದರೂ ಈ ಮುಷ್ಕರ ವ್ಯರ್ಥವಾಯಿತೆಂದು ನಾನು ಒಪ್ಪೆನು. ಮನುಷ್ಯನ ಮುಖವನ್ನು ಅವನನ್ನು ಕೇಳದೆ ಬಳಸಬಾರದೆಂಬ ನಿಯಮ, ಸ್ಟುಡಿಯೋಗಳ ಸಹಿಯೊಡನೆ, ಅತ್ಯಂತ ಸಣ್ಣ ಕಲಾವಿದನಿಗೂ ಅನ್ವಯಿಸುವಂತೆ ಬರೆಯಲ್ಪಟ್ಟಿತು.

ಇದು ದೂರದ ದೇಶದ ವಾರ್ತೆಯೆಂದು ನಾವು ಬದಿಗಿಡುವಂತಿಲ್ಲ. ಅಲ್ಲಿ ಸಂಧಾನದ ಮೇಜಿನ ಆಚೆ ಕುಳಿತಿದ್ದ ನೆಟ್‌ಫ್ಲಿಕ್ಸ್, ಅಮೆಜಾನ್, ಡಿಸ್ನಿ ಕಂಪನಿಗಳೇ ಇಲ್ಲಿಯೂ ವ್ಯಾಪಾರ ನಡೆಸಿವೆ, ಕನ್ನಡ ಚಿತ್ರಗಳನ್ನೂ ಪ್ರಸಾರ ಮಾಡಿವೆ. ಹಾಲಿವುಡ್ಡಿನಲ್ಲಿ ಮುಷ್ಕರ ನಡೆಯುತ್ತಿದ್ದ ಆ ಸೆಪ್ಟೆಂಬರಿನಲ್ಲಿಯೇ ದೆಹಲಿ ಉಚ್ಚ ನ್ಯಾಯಾಲಯ ನಟ ಅನಿಲ್ ಕಪೂರ್ ಅವರ ಹೆಸರು, ರೂಪ, ಧ್ವನಿಗಳನ್ನು ಕೃತಕ ಬುದ್ಧಿಮತ್ತೆಯ ಮೂಲಕ ದುರುಪಯೋಗಪಡಿಸಿಕೊಳ್ಳುವುದನ್ನು ತಡೆದು ಆಜ್ಞೆ ಮಾಡಿತು. ಪ್ರಸಿದ್ಧನಾದ ನಟ ಹೀಗೆ ವಕೀಲರನ್ನು ಹಿಡಿದು ನ್ಯಾಯಾಲಯಕ್ಕೆ ಹೋಗಬಲ್ಲ. ಬೆಂಗಳೂರಿನ ಹೊರವಲಯದ ಸೆಟ್ಟಿನಲ್ಲಿ ದಿನಗೂಲಿಗೆ ನಿಂತ ಜೂನಿಯರ್ ಕಲಾವಿದನೂ ಡಬ್ಬಿಂಗ್ ಕೋಣೆಯಲ್ಲಿ ಹೆಸರಿಲ್ಲದೆ ಧ್ವನಿ ಕೊಡುವವಳೂ ಹೋಗಲಾರರು. 2012ರಲ್ಲಿ ತಿದ್ದುಪಡಿಯಾದ ನಮ್ಮ ಕೃತಿಸ್ವಾಮ್ಯ ಕಾನೂನು, ಪ್ರದರ್ಶನ ನೀಡುವ ಕಲಾವಿದನಿಗೆ ತನ್ನ ಪ್ರದರ್ಶನದ ವಾಣಿಜ್ಯ ಬಳಕೆಯಲ್ಲಿ ರಾಯಧನದ ಹಕ್ಕನ್ನು ಮಾನ್ಯಮಾಡಿದೆ. ಗಾಯಕರು ತಮ್ಮದೊಂದು ಸಂಘ ಕಟ್ಟಿಕೊಂಡು ಅದನ್ನು ಕೇಳತೊಡಗಿದರು. ಕನ್ನಡದ ಚಲನಚಿತ್ರ, ಕಿರುತೆರೆ ಮತ್ತು ಡಬ್ಬಿಂಗ್ ಕಲಾವಿದರ ಸಂಘಗಳವರು, ತಮ್ಮ ಸದಸ್ಯರು ಸಹಿ ಹಾಕುವ ಒಪ್ಪಂದಪತ್ರದಲ್ಲಿ ಮುಖ ಮತ್ತು ಧ್ವನಿಯ ಪ್ರತಿಕೃತಿಗೆ ಪ್ರತ್ಯೇಕ ಒಪ್ಪಿಗೆ, ಪ್ರತ್ಯೇಕ ಸಂಭಾವನೆ ಎಂಬ ಎರಡು ಸಾಲುಗಳನ್ನು ಈ ವರ್ಷವೇ ಸೇರಿಸುವ ಪ್ರಯತ್ನ ಮಾಡಬೇಕೆಂದು ವಿನಂತಿಸುತ್ತೇನೆ.